ಮುನಿಯಣ್ಣನ ಮೂಗು

ಮುನಿಯಣ್ಣ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮೊದಲು ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ಸಂತೆಯಲ್ಲಿ ಬೆಣ್ಣೆ ಕೊಳ್ಳುವ ಹೆಂಗಸರು ಮೂಸಿ ನೋಡುವ ಹಾಗೆ, ಕಣ್ಣು ಅರ್ಧ ಮುಚ್ಚಿ, ಒಂದು ಸಲ ಬಲ ಹೊಳ್ಳೆಗೆ, ಒಂದು ಸಲ ಎಡ ಹೊಳ್ಳೆಗೆ. ಆಮೇಲೆ ತೀರ್ಪು. "ಇದಕ್ಕೆ ಎಣ್ಣೆ ಜಾಸ್ತಿಯಾಗಿದೆ." "ಇದು ಮೂರು ತಿಂಗಳಿಂದ ನಿಂತಿದ್ದ ಗಾಡಿ." ಗಾಡಿ ತಂದವರು ಬಾಯಿ ಬಿಡುವ ಮುಂಚೆಯೇ ಅರ್ಧ ಕಥೆ ಅವರಿಗೆ ಗೊತ್ತಾಗಿಬಿಟ್ಟಿರುತ್ತಿತ್ತು.

ಅವರ ಅಂಗಡಿ ಬನಶಂಕರಿಯ ಹತ್ತಿರ ಕದಿರೇನಹಳ್ಳಿಯ ಒಂದು ಗಲ್ಲಿಯಲ್ಲಿತ್ತು. ಬೋರ್ಡ್ ಇರಲಿಲ್ಲ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುವ ಹಳೇ ಟೂ-ಸ್ಟ್ರೋಕ್ ಗಾಡಿಗಳನ್ನು ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಹೊಸ ಗಾಡಿ ತಂದವರನ್ನು, "ಕಂಪ್ಯೂಟರ್ ಇರೋ ಕಡೆ ಹೋಗಿ ಸಾರ್, ನಮ್ದು ನಾಟಿ ಔಷಧಿ" ಎಂದು ಸಾಗಹಾಕುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಗಿರಾಕಿಯ ಮಾತನ್ನು ನಂಬಿದರೆ ಕೆಟ್ಟೆ ಎನ್ನುವುದು ಅವರ ಸಿದ್ಧಾಂತ. "ಗಾಡಿ ಸುಳ್ಳು ಹೇಳಲ್ಲ ಅಮ್ಮಣ್ಣಿ, ಗಾಡಿ ತಂದೋರು ಹೇಳ್ತಾರೆ" ಎನ್ನುತ್ತಿದ್ದರು. ನನಗೆ ನಲವತ್ತು ದಾಟಿದರೂ ಅವರ ಬಾಯಲ್ಲಿ ನಾನು ಅಮ್ಮಣ್ಣಿಯೇ. ನಮ್ಮ ತಂದೆಯ ಸ್ಕೂಟರಿನ ಹಿಂದೆ ಕೂತು ಅವರ ಅಂಗಡಿಗೆ ಹೋಗುತ್ತಿದ್ದ ಕಾಲದಿಂದ ಆ ಹೆಸರು ಅಂಟಿಕೊಂಡಿತ್ತು.

ಒಮ್ಮೆ ಜಯನಗರದ ಹಿರಿಯರೊಬ್ಬರು, ಇಸ್ತ್ರಿ ಶರಟು ಬೆವರಲ್ಲಿ ತೊಯ್ದು, ಸ್ಕೂಟರ್ ತಳ್ಳಿಕೊಂಡು ಬಂದರು. "ಅಳತೆ ಪ್ರಕಾರಾನೇ ಆಯಿಲ್ ಹಾಕಿದೀನಪ್ಪ, ಆದ್ರೂ ಯಾಕೋ ಕೆಮ್ಮುತ್ತೆ" ಎಂದರು. ಮುನಿಯಣ್ಣ ಪ್ಲಗ್ ಬಿಚ್ಚಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಸಾರ್, ಇದು ಹಪ್ಪಳ ಕರಿದ ಎಣ್ಣೆ."

ಹಿರಿಯರ ಮುಖ ಸಣ್ಣಗಾಯಿತು. "ಹಬ್ಬದ್ದು ಉಳಿದಿತ್ತು... ಎಣ್ಣೆ ಎಣ್ಣೆ ತಾನೇ ಅಂತ..."

"ಹಂಗಾದ್ರೆ ನಾಳೆ ಒಗ್ಗರಣೆಗೆ ಗಾಡಿ ಎಣ್ಣೆ ಹಾಕಿ ನೋಡಿ ಸಾರ್. ಮನೇಲಿ ಏನಂತಾರೆ, ಬಂದು ಹೇಳಿ."

ಪಕ್ಕದಲ್ಲೇ ನಿಂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಮುನಿಯಣ್ಣನಿಗೆ ಸೇರಲಿಲ್ಲ. "ನೀವೇನು ಕಮ್ಮಿ ಇಲ್ಲ. ಹೆಣ್ಮಕ್ಳು ಗಾಡಿ ಚೆನ್ನಾಗಿ ಓಡಿಸ್ತೀರಿ, ಅದಕ್ಕೂ ಒಂದು ಹೊಟ್ಟೆ ಇದೆ ಅನ್ನೋದು ಮರ್ತುಬಿಡ್ತೀರಿ" ಎಂದರು. ಆ ಮಾತು ಚುಚ್ಚಿತು. ಅದು ಎಷ್ಟು ಒಳಗೆ ಹೋಗಿ ಕೂತಿತ್ತು ಎನ್ನುವುದು ಆಗ ನನಗೇ ತಿಳಿದಿರಲಿಲ್ಲ.

ಜೆ.ಪಿ. ನಗರದ ಆಚೆ ನನ್ನದೊಂದು ನರ್ಸರಿ ಇದೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಗಿಡಗಳ ಸಾಲಿನಲ್ಲಿ ಓಡಾಡುವುದು ಕಷ್ಟವಾಯಿತು. ಕನಕಪುರ ರಸ್ತೆಯಲ್ಲಿ ಬಾಗಿಲು ಮುಚ್ಚಿದ ರೆಸಾರ್ಟೊಂದರಿಂದ ಹಳೆಯ ಕ್ವಾಡ್ ಬೈಕ್ ಒಂದನ್ನು ತಂದೆ. ನಾಲ್ಕು ದಪ್ಪ ಚಕ್ರ, ಟೂ-ಸ್ಟ್ರೋಕ್ ಎಂಜಿನ್, ಗೇರ್ ಇಲ್ಲ. ಹೆಬ್ಬೆರಳಿನಲ್ಲಿ ಒತ್ತಿದರೆ ಹೋಗುತ್ತದೆ. ಅದರ ಮೇಲೆ ಕೂತು ಕುಂಡ, ಗೊಬ್ಬರದ ಚೀಲ ಸಾಗಿಸುತ್ತಿದ್ದೆ. ಅದು ಬಂದ ಮೇಲೆ ನನ್ನ ಕಾಲು ನನಗೆ ವಾಪಸ್ ಬಂದಂತಾಗಿತ್ತು. ಮೊದಮೊದಲು ನೀಲಿ ಹೊಗೆ ಬಿಡುತ್ತಿತ್ತು. ಒಂದು ದಿನ ಹೊಗೆ ನಿಂತಿತು. ಎಂಜಿನ್ ಸುಧಾರಿಸಿತು ಎಂದು ಸಂತೋಷಪಟ್ಟೆ. ಮರುದಿನ ಮಲ್ಲಿಗೆ ಗಿಡಗಳ ಮಧ್ಯೆ ಕಿರ್ರೆಂದು ಕಿರುಚಿ ನಿಂತುಬಿಟ್ಟಿತು.

ಟೆಂಪೋದಲ್ಲಿ ಹಾಕಿಸಿಕೊಂಡು ಮುನಿಯಣ್ಣನ ಅಂಗಡಿಗೆ ಹೋದೆ. ಕೊರೊನಾ ಬಂದುಹೋದ ಮೇಲೆ ಅವರನ್ನು ನೋಡುತ್ತಿದ್ದದ್ದು ಅದೇ ಮೊದಲು. ಸೊರಗಿದ್ದರು. ಎಂದಿನ ಗದರಿಕೆ ಇರಲಿಲ್ಲ. ಪ್ಲಗ್ ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಿದರು. ಬೂದಿಯಂತೆ ಬೆಳ್ಳಗಾಗಿತ್ತು. ಪ್ಲಗ್ ಇದ್ದ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಎಂಜಿನ್ ತಿರುಗಿಸಲು ನೋಡಿದರು. ತಿರುಗಲಿಲ್ಲ, ಒಳಗೆ ಹಿಡಿದುಕೊಂಡಿತ್ತು. ಆಮೇಲೆ ನನ್ನ ಕಡೆ ತಿರುಗಿ, ಎಂದೂ ಯಾರನ್ನೂ ಕೇಳದವರು ಕೇಳಿದರು.

"ಸೀಟಿನ ಕೆಳಗೆ ಎಣ್ಣೆ ಡಬ್ಬಿ ಇದೆಯಲ್ಲ ಅಮ್ಮಣ್ಣಿ, ಅದ್ರಲ್ಲಿ ಎಣ್ಣೆ ಇಳೀತಾ ಇತ್ತಾ?"

ಎಂಜಿನ್ ತನಗೆ ಬೇಕಾದ ಎಣ್ಣೆಯನ್ನು ತಾನೇ ಎಳೆದುಕೊಳ್ಳುವ ಆ ಡಬ್ಬಿಯನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ. ಹಾಗೆ ಹೇಳಿದ್ದರೆ ಏನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳ ಬಗ್ಗೆ ಅವರ ಆ ಮಾತನ್ನು ಇನ್ನೊಮ್ಮೆ ಕೇಳಲು ನನಗೆ ಮನಸ್ಸಿರಲಿಲ್ಲ.

"ಇಳೀತಿತ್ತು ಮುನಿಯಣ್ಣ. ಇಳಿದಂಗೆಲ್ಲ ನಾನೇ ತುಂಬಿಸ್ತಿದ್ದೆ."

"ಖಂಡಿತಾನಾ?"

"ಖಂಡಿತ."

ಅವರು ಡಬ್ಬಿ ತೆರೆದು ನೋಡಿದರು. ಹೆಚ್ಚುಕಡಿಮೆ ತುಂಬಿತ್ತು. ನನ್ನ ಸುಳ್ಳಿಗೆ ಅದೇ ಸಾಕ್ಷಿಯಾಯಿತು. "ಎಣ್ಣೆ ಹೋಗ್ತಿದೆ ಅಂದ್ಮೇಲೆ ಎಲ್ಲೋ ಗಾಳಿ ಎಳ್ಕೊಂಡು ಕಾದಿದೆ. ಗಾಳಿ ತಡೆಯೋ ಸೀಲ್ ಹೋಗಿರ್ಬೇಕು" ಎಂದರು. ಹೊಸ ಪಿಸ್ಟನ್, ಹೊಸ ಸೀಲ್ ಹಾಕಿದರು. ಹೊಸ ಪಿಸ್ಟನ್ ಪಳಗಲಿ ಎಂದು ಮೊದಲ ಟ್ಯಾಂಕಿನ ಪೆಟ್ರೋಲಿಗೆ ತಾವೇ ಎಣ್ಣೆ ಬೆರೆಸಿ ಕೊಟ್ಟರು. ಆ ಪೆಟ್ರೋಲ್ ಮುಗಿಯುವ ತನಕ ಗಾಡಿ ಚೆನ್ನಾಗಿತ್ತು. ಎರಡನೇ ಟ್ಯಾಂಕ್ ತುಂಬಿಸಿದ ದಿನವೇ ಮತ್ತೆ ಕಿರುಚಿ ನಿಂತಿತು.

ಮತ್ತೆ ಟೆಂಪೋದಲ್ಲಿ ಹಾಕಿಸಿಕೊಂಡು ಹೋದೆ. ಅಂದು ಅವರ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿಲ್ಲ. "ನಿಮ್ಮನ್ನ ನಂಬಿ ಬಂದೆ ನೋಡಿ. ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕಿತ್ತು. ವಯಸ್ಸಾದ್ಮೇಲೆ ಮನೇಲಿ ಇರ್ಬೇಕು ಮುನಿಯಣ್ಣ, ಇನ್ನೊಬ್ರ ಗಾಡಿ ಹಾಳು ಮಾಡ್ಬಾರ್ದು" ಎಂದುಬಿಟ್ಟೆ. ಅವರು ಗಾಡಿಯತ್ತ ಬಗ್ಗಿದರು. ಪ್ಲಗ್ ಬಿಚ್ಚಿ ಮೂಗಿನ ತನಕ ತಂದರು, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಟ್ಟರು. "ಬೇರೆ ಕಡೆ ತೋರ್ಸಿ ಅಮ್ಮಣ್ಣಿ" ಎಂದರು. ಅದೇ ವಾರ ಅಂಗಡಿ ಮುಚ್ಚಿದರು.

ಗಾಡಿಯನ್ನು ಬೊಮ್ಮನಹಳ್ಳಿಯ ಒಂದು ವರ್ಕ್‌ಶಾಪಿಗೆ ಸಾಗಿಸಿದೆ. ಅಲ್ಲಿನವರು ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಉಗುರಿನಷ್ಟಿದ್ದ ಒಂದು ಪ್ಲಾಸ್ಟಿಕ್ ಚಕ್ರವನ್ನು ನನ್ನ ಅಂಗೈಯಲ್ಲಿಟ್ಟರು. ಅದರಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. "ಇದು ಸವೆದು ಎಣ್ಣೆ ಪಂಪ್ ತಿರುಗ್ತಾನೇ ಇರ್ಲಿಲ್ಲ ಮೇಡಂ. ಡಬ್ಬೀಲಿ ಇದ್ದಿದ್ದು ಇದ್ದಂಗೇ ಇದೆ. ಎಣ್ಣೆ ಇಳೀತಿಲ್ಲ ಅಂತ ಒಂದು ಮಾತು ಹೇಳಿದ್ರೆ ಯಾರಾದ್ರೂ ಮೊದಲು ಇದನ್ನೇ ಬಿಚ್ಚಿ ನೋಡ್ತಿದ್ರು."

ತಪ್ಪೊಪ್ಪಿಕೊಳ್ಳಲೆಂದೇ ಗಿರಿನಗರದ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಹೆಂಡತಿ ಜಯಮ್ಮ ಬಾಗಿಲು ತೆರೆದರು. ಮುನಿಯಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಕೈಗಳು ತೊಳೆದು ಶುಭ್ರವಾಗಿದ್ದವು. ಆ ಕೈಗಳನ್ನು ಹಾಗೆ ನಾನೆಂದೂ ನೋಡಿರಲಿಲ್ಲ. ನಾನು ಕೂರುವ ಮೊದಲೇ ಅವರು ಶುರು ಮಾಡಿದರು.

"ಮೂಗು ಹೋಯ್ತು ಅಮ್ಮಣ್ಣಿ. ಆ ಕೊರೊನಾ ಜ್ವರ ಬಂದಾಗಿಂದ ಪೆಟ್ರೋಲೂ ಒಂದೇ, ನೀರೂ ಒಂದೇ. ಯಾರಿಗೂ ಹೇಳ್ಲಿಲ್ಲ, ಇವ್ಳಿಗೂ ಹೇಳ್ಲಿಲ್ಲ. ಮೂಗಿರೋ ತನ್ಕ ಯಾರ್ ಮಾತೂ ನಂಬ್ತಿರ್ಲಿಲ್ಲ. ಆಮೇಲೆ ಜನ ಹೇಳಿದ್ದೇ ನಂಬ್ಕೊಂಡು ಕೆಲ್ಸ ಮಾಡ್ದೆ. ನಿಮ್ ಗಾಡೀಲಿ ಏನೋ ತಪ್ಪು ಮಾಡ್ಬಿಟ್ಟೆ. ಏನು ಅಂತ ಇವತ್ತಿಗೂ ಹೊಳೀತಿಲ್ಲ. ಮನಸ್ಸಿಗೆ ಹಾಕ್ಕೋಬೇಡಿ, ಕ್ಷಮಿಸ್ಬಿಡಿ."

ಎರಡೂ ಕೈ ಮುಗಿದರು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂವತ್ತು ವರ್ಷದಿಂದ ಕಂಡ ಆ ಹಿರಿಯ ಜೀವ ನನ್ನ ಮುಂದೆ ಕೈ ಮುಗಿದು ಕುಳಿತಿದ್ದಾಗ, ಸುಳ್ಳು ಹೇಳಿದ್ದು ನಾನು ಎನ್ನಲು ನನಗೆ ಧೈರ್ಯ ಬರಲಿಲ್ಲ.

"ಹೋಗ್ಲಿ ಬಿಡಿ ಮುನಿಯಣ್ಣ. ಪರವಾಗಿಲ್ಲ" ಎಂದೆ.

ಕಾಫಿ ಕುಡಿದು ಎದ್ದು ಬಂದೆ.

ಅವರು ತೀರಿಕೊಂಡ ಸುದ್ದಿಯನ್ನು ಎರಡು ತಿಂಗಳಾದ ಮೇಲೆ ಜಯಮ್ಮನೇ ಫೋನ್ ಮಾಡಿ ತಿಳಿಸಿದರು. ಮಾತು ಮುಗಿಸುವಾಗ ಅವರೆಂದರು: "ನೀವು ಬಂದು ಹೋದ್ಮೇಲೆ ಸ್ವಲ್ಪ ನಿದ್ದೆ ಮಾಡೋಕೆ ಶುರು ಮಾಡಿದ್ರು ಕಣಮ್ಮ. ಅಮ್ಮಣ್ಣಿ ಕ್ಷಮಿಸ್ಬಿಟ್ರು ಅಂತ ಎಲ್ರ ಹತ್ರಾನೂ ಹೇಳ್ಕೋತಿದ್ರು. ದೊಡ್ಡ ಮನಸ್ಸು ನಿಮ್ದು."

ನಾನು ಆಗಲೂ ಸುಮ್ಮನಿದ್ದೆ.