ಎಡಗಣ್ಣಿನ ಸೂರಕ್ಕಿ

ಮೊದಲು ಕಂಡದ್ದು ಒಂದು ಹಕ್ಕಿ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕೊಲ್ಲಿ ನಾಡಿನ ಅದ್ಲಿಯಾದ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಹಿತ್ತಿಲು ದೊಡ್ಡದಲ್ಲ. ಒಂದು ಖರ್ಜೂರದ ಮರ, ಗೋಡೆಗೊರಗಿದ ಎರಡು ಕಣಗಿಲೆ, ನನ್ನ ಹೆಂಡತಿ ಕುಸುಮಾ ಹಠ ಹಿಡಿದು ಬದುಕಿಸಿದ ಒಂದು ದಾಸವಾಳ, ಸೋರುವ ನಲ್ಲಿಯ ಕೆಳಗೆ ಅಲ್ಯುಮಿನಿಯಂ ಬೋಗುಣಿ. ಬಿಸಿಲು ಉಗ್ರವಾಗುವ ಮುಂಚಿನ ಆ ಕೆಲವು ವಾರಗಳಲ್ಲಿ ಬೋಗುಣಿಯ ನೀರಿಗೆ ಬಿಳಿಗೆನ್ನೆಯ ಪಿಕಳಾರಗಳು, ಗುಬ್ಬಿಗಳು, ಬೆಳವಗಳು ಬರುತ್ತಿದ್ದವು. ಎಲ್ಲಿಂದಲೋ ಎಲ್ಲಿಗೋ ಹೋಗುವ ಚಂದ್ರಮುಕುಟ ದಾರಿಯಲ್ಲಿ ಇಳಿದು, ಉದ್ದ ಕೊಕ್ಕಿನಿಂದ ನೆಲ ಕೆದಕಿ, ಮತ್ತೆ ಹೊರಟುಬಿಡುತ್ತಿತ್ತು. ನಾನು ಡ್ರಾಫ್ಟ್ಸ್‌ಮನ್. ಹಮದ್ ಟೌನ್‌ನಲ್ಲಿ ಏಳುತ್ತಿದ್ದ ಮನೆಗಳ ನಕ್ಷೆ ಬರೆಯುವುದು ನನ್ನ ಉದ್ಯೋಗ. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ಅಭ್ಯಾಸ.

ಆ ಬೆಳಗ್ಗೆ ದಾಸವಾಳದ ಎಡಕ್ಕೆ ಏನೋ ಕಪ್ಪಗೆ ತೇಲಿತು. ಹೂವಿನ ಮುಂದೆ ನಿಂತಲ್ಲೇ ನಿಂತು ನಡುಗಿತು. ಅಂಚಿನಲ್ಲಿ ನೀಲಿ ಮಿಂಚು ಹೊಳೆಯಿತು. ಊರಿನಲ್ಲಿ ದಿನವೂ ಕಾಣುತ್ತಿದ್ದ ಸೂರಕ್ಕಿ. ಇಲ್ಲಿ ಇಷ್ಟು ವರ್ಷಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಕುಸುಮಾಳನ್ನು ಕೂಗಿದೆ. ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು.

"ಎಲ್ಲಿ? ಎಂಥದೂ ಇಲ್ಲ ಅಲ್ಲಿ."

"ಅಲ್ಲೇ, ಎಡಕ್ಕೆ."

"ಎಡಕ್ಕೆ ಗೋಡೆ ಉಂಟು."

ಶುಕ್ರವಾರ ಊಟಕ್ಕೆ ಅವಳ ಅಣ್ಣ ಜಗನ್ನಾಥ ಬಂದ. ಸೆಗಯಾದಲ್ಲಿ ಏರ್ ಕಂಡಿಷನರ್ ರಿಪೇರಿಯ ಅಂಗಡಿ ನಡೆಸುವವನು. ಸಣ್ಣ ಹಕ್ಕಿಗಳೆಲ್ಲವೂ ಅವನಿಗೆ ಹಮ್ಮಿಂಗ್ ಬರ್ಡ್. ಅವನ ಅಂಗಡಿಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕದಲ್ಲಿ, ನಾನು ಕಂಡದ್ದು ಸೂರಕ್ಕಿ ಎಂದು ತಿದ್ದಿದೆ. ಅವನು ಕೈಯಲ್ಲಿದ್ದ ಮೀನಿನ ಮುಳ್ಳನ್ನು ತಟ್ಟೆಗಿಟ್ಟು, ಊಟಕ್ಕೆ ಬಂದಿದ್ದ ಇತರ ಮೂರು ಮನೆಯವರೂ ಕೇಳುವಂತೆ ಹೇಳಿದ:

"ಹೇಗೂ ಭಾವನಿಗೆ ಮಾತ್ರ ಕಾಣುವ ಹಕ್ಕಿ ಅಲ್ವಾ ಮಾರಾಯ್ರೆ! ಅದಕ್ಕೆ ವೀಸಾ ಸಹ ಬೇಡ, ಪಾಸ್‌ಪೋರ್ಟ್ ಸಹ ಬೇಡ."

ಎಲ್ಲರೂ ನಕ್ಕರು. ಕುಸುಮಾಳೂ ನಕ್ಕಳು. ಯಾರು ಎಷ್ಟು ಹೊತ್ತು ನಕ್ಕರೆಂಬುದು ನನಗೆ ಈಗಲೂ ನೆನಪಿದೆ.

ಹಕ್ಕಿ ಹೋಗಲಿಲ್ಲ. ಆಫೀಸಿನ ಬಿಳಿಯ ಹಾಳೆಯ ಮೇಲೂ ಬಂತು. ಸ್ನಾನದ ಮನೆಯ ಗೋಡೆಯ ಮೇಲೂ ಬಂತು. ನಾನು ಕಣ್ಣು ತಿರುಗಿಸಿದರೆ ಅದೂ ತಿರುಗುತ್ತಿತ್ತು. ಕತ್ತಲೆಯಲ್ಲಿ ನೀಲಿ ಮಿಂಚು ಮಾತ್ರ ಬರುತ್ತಿತ್ತು. ಇದು ಹಿತ್ತಿಲಿನದಲ್ಲ, ನನ್ನ ಕಣ್ಣೊಳಗಿನದು ಎಂದು ಅರಿವಾದಾಗ ನಾಚಿಕೆಯಾಯಿತು. ಭಯ ಆಮೇಲೆ ಬಂತು. ಕಂಪನಿಯ ಡಾಕ್ಟರ್ ಟಾರ್ಚ್ ಹಿಡಿದು ನೋಡಿ, ಕುರ್ಚಿಯಿಂದ ಏಳದೆಯೇ, "ಅಂಕಲ್, ವಯಸ್ಸಾಯಿತು. ಡ್ರಾಪ್ಸ್ ಹಾಕಿ," ಎಂದರು. ಐವತ್ತೆಂಟು ವರ್ಷದವನನ್ನು ಅಂಕಲ್ ಎನ್ನುವುದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಡ್ರಾಪ್ಸ್ ಹಾಕಿದೆ.

ಆಮೇಲೆ ತೆರೆ ಏರಿತು.

ಎಡಗಣ್ಣಿನ ಕೆಳಗಿನಿಂದ, ಕೊಳಕು ನೀರಿನ ಹಾಗೆ, ಬೂದು ಬಣ್ಣದ ಏನೋ ಮೇಲೇರತೊಡಗಿತು. ಬಲಗಣ್ಣು ಮುಚ್ಚಿ ಹಿತ್ತಿಲನ್ನು ನೋಡಿದೆ. ಖರ್ಜೂರದ ಗರಿಗಳಿದ್ದವು, ಬುಡವಿರಲಿಲ್ಲ. ಹಕ್ಕಿಗಳು ನೀರು ಚಿಮ್ಮಿಸುವ ಸದ್ದು ಕೇಳಿಸಿತು, ಬೋಗುಣಿ ಕಾಣಿಸಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಈಜಿಪ್ಟಿನ ಒಬ್ಬ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷಿಸಿದರು. ಅವರು ನನ್ನನ್ನು ಮಿಸ್ಟರ್ ಎಂದೇ ಕರೆದರು. ಕಣ್ಣಿನ ಒಳಪದರ, ರೆಟಿನಾ, ಮೇಲ್ಭಾಗದಲ್ಲಿ ಹರಿದಿದೆ, ಅಲ್ಲಿಂದ ನೀರು ನುಗ್ಗಿ ಅದು ಗೋಡೆಯಿಂದ ಕಾಗದ ಕಿತ್ತ ಹಾಗೆ ಕಳಚಿಕೊಳ್ಳುತ್ತಿದೆ, ಹೆಸರು ರೆಟಿನಲ್ ಡಿಟ್ಯಾಚ್‌ಮೆಂಟ್ ಎಂದರು. ನಡುವೆ ಮ್ಯಾಕ್ಯುಲಾ ಎಂಬ ಸಣ್ಣ ಜಾಗವಿದೆ. ಓದುವುದು, ಗೆರೆ ಎಳೆಯುವುದು, ಮುಖ ಗುರುತಿಸುವುದು ಎಲ್ಲವೂ ಅದರಿಂದಲೇ.

"ಅದು ಇನ್ನೂ ಅಂಟಿಕೊಂಡಿದೆ. ಶನಿವಾರ ಆಪರೇಷನ್. ಅಲ್ಲಿಯವರೆಗೆ ಚಪ್ಪಟೆಯಾಗಿ ಮಲಗಿರಬೇಕು. ಕುಳಿತರೆ ನೀರು ಕೆಳಗಿಳಿದು ಅದನ್ನೂ ಕಿತ್ತುಬಿಡುತ್ತದೆ. ಅರ್ಥವಾಯಿತೆ, ಮಿಸ್ಟರ್?"

ಅರ್ಥವಾಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು, ಕಣ್ಣು ಗುಡ್ಡೆ ಅಲುಗದಿರಲೆಂದು. ಗೆರೆ ಎಳೆಯಲಾಗದ ಡ್ರಾಫ್ಟ್ಸ್‌ಮನ್‌ನನ್ನು ಯಾವ ಕಂಪನಿಯೂ ಈ ದೇಶದಲ್ಲಿ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ. ನಾನು ಕಲ್ಲಿನಂತೆ ಮಲಗಿದೆ. ಕುಸುಮಾ ಚಮಚದಲ್ಲಿ ಗಂಜಿ ಕುಡಿಸಿದಳು. ಕಿಟಕಿಯ ಹೊರಗೆ ಗುಬ್ಬಿಗಳ ಗಲಾಟೆ ಕೇಳುತ್ತಿತ್ತು. ಅದರ ನಡುವೆ ಪಿಕಳಾರದ ಮೂರು ಸ್ವರ. ಎಷ್ಟು ಹಕ್ಕಿ ಎಂದು ಕೇಳಿದೆ. "ಸುಮಾರು ಉಂಟು," ಎಂದಳು. ಸುಮಾರು ಎಂಬುದು ಒಂದು ಉತ್ತರವೇ ಎಂದು ಗದರಿದೆ. ಅವಳು ಎದ್ದು ಹೋಗಿ ಎಣಿಸಿ ಬಂದಳು.

ಶುಕ್ರವಾರ ನಮ್ಮವರು ಬಂದರು.

ಇಲ್ಲಿನ ನಮ್ಮ ಜನರ ಪದ್ಧತಿಯನ್ನು ಹೇಳಬೇಕು. ವಾರವೆಲ್ಲ ಯಾರಿಗೂ ಪುರುಸೊತ್ತಿಲ್ಲ. ಶುಕ್ರವಾರ ರಜೆ. ಯಾರಾದರೂ ಹಾಸಿಗೆ ಹಿಡಿದರೆ ಎಲ್ಲರೂ ಒಂದೇ ಪಿಕಪ್ಪಿನಲ್ಲಿ ತುಂಬಿಕೊಂಡು, ಫ್ಲಾಸ್ಕು ಹಿಡಿದು ಬರುತ್ತಾರೆ. ಇನ್ನೊಂದು, ಊರಿನ ಹಿರಿಯರಿಗೆ ಕಾಗದ ಓದಲು ಬರುವುದಿಲ್ಲವಾದ್ದರಿಂದ ನಾವು ಕ್ಯಾಸೆಟ್ ಕಳಿಸುತ್ತೇವೆ. ಟೇಪ್ ರೆಕಾರ್ಡರ್ ಮುಂದೆ ಕುಳಿತು ಕ್ಷೇಮಸಮಾಚಾರ ಹೇಳಿ, ವಿಮಾನ ಹತ್ತುವವನ ಕೈಯಲ್ಲಿ ಕೊಡುವುದು. ಆ ದಿನ ಯಾರೋ ಬೊಂಬಾಯಿಗೆ ಹೊರಟಿದ್ದರು. ಮುಲ್ಕಿಯಲ್ಲಿರುವ ನನ್ನ ತಾಯಿಗೆ ಆಸ್ಪತ್ರೆಯ ಸುದ್ದಿ ಹೇಗೋ ಮುಟ್ಟಿ, ಅವರು ಅನ್ನ ಬಿಟ್ಟಿದ್ದಾರೆಂದು ತಿಳಿದುಬಂದಿತ್ತು.

ಜಗನ್ನಾಥ ಟೇಪ್ ರೆಕಾರ್ಡರ್ ತಂದಿದ್ದ. ಕುಸುಮಾ ಫ್ಲಾಸ್ಕು ತೊಳೆಯಲು ಹೋಗಿದ್ದಳು.

"ಏಳಿ ಭಾವ. ಎರಡು ಮಾತು ಹೇಳಿ ಅತ್ತೆಗೆ."

"ಏಳಬಾರದು. ಮಲಗಿಯೇ ಹೇಳುತ್ತೇನೆ."

"ಮಲಗಿ ಹೇಳಿದ್ರೆ ಸ್ವರ ಹೇಗೆ ಬರ್ತದೆ ಗೊತ್ತುಂಟಾ? ಸಾಯುವವನ ಹಾಗೆ. ಮುದುಕಿ ಕೇಳಿ ಅಲ್ಲೇ ಹೋದ್ರೆ? ಐದು ನಿಮಿಷ ಕೂತ್ರೆ ಎಂಥ ಆಗ್ತದೆ? ಪೆಟ್ಟಾದ್ದು ಕಣ್ಣಿಗೆ, ಸೊಂಟಕ್ಕಲ್ಲ."

ಬೇಡವೆಂದೆ. ಮತ್ತೊಮ್ಮೆ ಬೇಡವೆಂದೆ. ಯಾರೋ ನಕ್ಕರು. ಕತ್ತಲೆಯಲ್ಲಿ ನಾಲ್ಕು ಕೈಗಳು ನನ್ನ ಭುಜದಡಿ ಸೇರಿ, ಸಿಮೆಂಟು ಮೂಟೆಯಂತೆ ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ತುರುಕಿದವು. ಗುಂಡಿ ಒತ್ತಿದ ಸದ್ದಾಯಿತು. ಆ ಸದ್ದಾದ ಮೇಲೆ ಜಗಳವಾಡಿದರೆ ಜಗಳವೂ ಮುಲ್ಕಿಗೆ ಹೋಗುತ್ತದೆ. ಅಮ್ಮಾ, ನಾನು ಚೆನ್ನಾಗಿದ್ದೇನೆ, ನೀವು ಊಟ ಮಾಡಿ ಎಂದೆ. ನನ್ನ ಮಾತಾದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯ ನಮಸ್ಕಾರ ಸೇರಿಸಿದರು. ಕುಸುಮಾ ಮರಳಿ ಬಂದು ಕಿರುಚಿದಾಗ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿತ್ತು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಬಲಗಣ್ಣು ಮುಚ್ಚಿ, ತಮ್ಮ ಮುಖ ಕಾಣುತ್ತಿದೆಯೆ ಎಂದು ಕೇಳಿದರು.

ಕಾಣಲಿಲ್ಲ.

ಅವರು ಉಪಕರಣ ಕೆಳಗಿಟ್ಟು, "ನೀವು ಎದ್ದಿರಾ?" ಎಂದರು. ಕುಸುಮಾ ತನ್ನ ಅಣ್ಣನ ಹೆಸರು ಹೇಳದೆ, ನಡೆದದ್ದನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದಳು. ಮ್ಯಾಕ್ಯುಲಾ ಕಳಚಿತ್ತು. ತಾನಾಗಿಯೂ ಕಳಚಬಹುದಿತ್ತು ಎಂದರು ಅವರು. ಸೌಜನ್ಯದ ಮಾತು. ನಾನು ಅದನ್ನು ನಂಬಿಲ್ಲ.

ಆಪರೇಷನ್ ಆಯಿತು. ಕಣ್ಣಿನ ಸುತ್ತ ಸಿಲಿಕಾನಿನ ಪಟ್ಟಿ ಬಿಗಿದು ರೆಟಿನಾವನ್ನು ಮತ್ತೆ ಗೋಡೆಗೆ ಒತ್ತಿದರು. ವಾರಗಟ್ಟಲೆ ಬಗ್ಗಬಾರದು, ಭಾರ ಎತ್ತಬಾರದು, ಕೆಮ್ಮಬಾರದು. ನೋವು ತಲೆಯ ಅರ್ಧಭಾಗವನ್ನು ತನ್ನದಾಗಿಸಿಕೊಂಡಿತ್ತು. ಕುಸುಮಾ ನನ್ನ ಚಪ್ಪಲಿ ತೊಡಿಸುತ್ತಿದ್ದಳು. ಅವಳ ಅಣ್ಣನ ಹೆಸರು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅದು ಊಟದ ತಟ್ಟೆಗಳ ನಡುವೆ ಇರುತ್ತಿತ್ತು.

ತೆರೆ ಇಳಿಯಿತು. ಖರ್ಜೂರದ ಬುಡ ಮರಳಿತು. ಬೋಗುಣಿ ಮರಳಿತು. ನಡುವಿನದು ಮಾತ್ರ ಮರಳಲಿಲ್ಲ. ಎಡಗಣ್ಣಿನಲ್ಲಿ ಬಾಗಿಲಿನ ಚೌಕಟ್ಟು ಬಳುಕುತ್ತದೆ, ಸ್ಕೇಲಿನ ಅಂಚು ಅಲೆಯಾಗುತ್ತದೆ. ಪಿಕಳಾರವನ್ನು ನೇರವಾಗಿ ನೋಡಿದರೆ ಅದಿರುವಲ್ಲಿ ಮಸುಕು ಕೂರುತ್ತದೆ. ಪಕ್ಕದ ಗೋಡೆಯನ್ನು ನೋಡಿದರೆ ಪಿಕಳಾರ ಕಾಣುತ್ತದೆ, ಬಿಳಿಗೆನ್ನೆಯ ಸಮೇತ. ನಾನು ಗೌರವಿಸುವ ಜೀವಿಗಳನ್ನು ಹೀಗೆ ಕಳ್ಳನೋಟದಲ್ಲಿ ನೋಡುವುದು ನನಗೆ ಒಗ್ಗಿಲ್ಲ.

ಬಹಳ ದಿನ ಜಗನ್ನಾಥ ಬರಲಿಲ್ಲ. ಮೇ ತಿಂಗಳ ಒಂದು ಶುಕ್ರವಾರ ಬಂದ, ಬರಲೇಬೇಕಾಯಿತು. ಅಮ್ಮನ ಮರುಕ್ಯಾಸೆಟ್ಟು ಅವನ ಕೈಗೆ ತಲುಪಿತ್ತು. ಹಿತ್ತಿಲ ಬಾಗಿಲಲ್ಲೇ ನಿಂತ. ಕುಸುಮಾ ಟೇಪ್ ರೆಕಾರ್ಡರ್ ತಂದಿಟ್ಟಳು. ಅಮ್ಮನ ಸ್ವರ ಗಟ್ಟಿಯಾಗಿತ್ತು. ನಿನ್ನ ದನಿ ಕೇಳಿದ ರಾತ್ರಿಯೇ ಉಂಡೆ, ಜಗನ್ನಾಥ ಒಳ್ಳೆ ಕೆಲಸ ಮಾಡಿದ ಎಂದರು.

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಎಷ್ಟು ಕಾಣ್ತದೆ ಭಾವ?"

ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಅವನತ್ತ ನೋಡಿದೆ. "ಕಿವಿಗಳೆರಡೂ ಕಾಣುತ್ತವೆ. ನಡುವೆ ನೀನಿಲ್ಲ."

"ನಾನು ಕಾಲು ಹಿಡಿಯಲಿಕ್ಕೆ ತಯಾರಿದ್ದೇನೆ."

"ಬೇಡ. ನೀನು ಹಿಡಿದದ್ದು ಸಾಕು."

ನಾನು ಕ್ಷಮಿಸಿದ್ದೇನೆಂದು ಯಾರೂ ತಿಳಿಯಬಾರದು. ಅಮ್ಮ ಉಂಡದ್ದೂ ನಿಜ, ನನ್ನ ಕಣ್ಣಿನ ನಡುಭಾಗ ಹೋದದ್ದೂ ನಿಜ. ಒಂದರಿಂದ ಇನ್ನೊಂದನ್ನು ಕಳೆಯಲು ನನಗೆ ಬರುವುದಿಲ್ಲ. ಬಲಗಣ್ಣಿನಲ್ಲೂ ಒಂದು ದುರ್ಬಲ ಜಾಗವಿತ್ತು. ಡಾಕ್ಟರಮ್ಮ ಅದನ್ನು ಸಮಯಕ್ಕೆ ಸರಿಯಾಗಿ ಕಂಡು, ಮಂಜಿನಂಥ ತಣ್ಣನೆಯ ಸೂಜಿಮೊನೆಯಿಂದ ಬೆಸೆದರು. ಅದರ ಬಲದ ಮೇಲೆ ಡ್ರಾಯಿಂಗ್ ಬೋರ್ಡಿನ ಮುಂದೆ ನಾನು ಮತ್ತೆ ಕುಳಿತಿದ್ದೇನೆ. ಕೆಲಸ ನಿಧಾನ, ಆದರೆ ಗೆರೆ ನೇರವಾಗಿದೆ. ಆ ಹೆಣ್ಣುಮಗಳಿಗೆ ನಾನು ಋಣಿ. ಕಂಪನಿಯ ಡಾಕ್ಟರಿಗೆ ಅಲ್ಲ.

ಕಾರು ಓಡಿಸಲು ನನಗೆ ಈಗ ಧೈರ್ಯವಿಲ್ಲ. ಚೆಕಪ್ಪಿಗೆ ಜಗನ್ನಾಥನೇ ಕರೆದೊಯ್ಯುತ್ತಾನೆ. ರಸ್ತೆಯ ಪ್ರತಿಯೊಂದು ಉಬ್ಬಿನ ಮುಂದೆ, ಹಿಂದಿನವರು ಹಾರ್ನ್ ಹೊಡೆದರೂ, ಕಾರು ನಿಲ್ಲುವಷ್ಟು ನಿಧಾನಿಸುತ್ತಾನೆ. ಹೋದ ಸಲ ಆಸ್ಪತ್ರೆಯ ಮೆಟ್ಟಿಲ ಬಳಿ ಬಿಸಿಲು ಕಣ್ಣಿಗೆ ಹೊಡೆದು ನಾನು ತಡವರಿಸಿದೆ. ಅವನ ಕೈ ಮುಂದೆ ಬಂದು, ನನ್ನ ಭುಜದಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲೇ ನಿಂತಿತು. ಅವನು ಕಾದ.

ನಾನು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.