ನಾಪತ್ತೆ ಎಂದು ಬರೆಯುವ ಮುನ್ನ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಂಡಾಜೆಯ ಒಂದು ಮನೆಯಂಗಳದಲ್ಲಿ ನಿಂತು ನೀಲಾವತಿ ಒಳಗಿದ್ದವರನ್ನು ಕೂಗುತ್ತಾರೆ. ಪೆರೋಲ್ ಮೇಲೆ ಜೈಲಿನಿಂದ ಬಂದ ಶೇಷಪ್ಪ ಈ ಮನೆಯಲ್ಲಿರಬೇಕಿತ್ತು. ಬಾಗಿಲಿಗೆ ಬಂದದ್ದು ಹೆಂಡತಿ ತೃಪ್ತಿ ಮಾತ್ರ.

"ಅವರು ಇಲ್ಲ ಅಕ್ಕ," ಎನ್ನುತ್ತಾರೆ ತೃಪ್ತಿ. ಎಲ್ಲಿಗೆ ಹೋದರು ಎಂದು ಹೇಳಲು ಅವರಿಗೆ ಹೆದರಿಕೆ.

ನೀಲಾವತಿ ಪೊಲೀಸರಲ್ಲ. ಮೂಡಬಿದಿರೆಯ ಪುಟ್ಟ ಅಧ್ಯಯನ ಸಂಸ್ಥೆಯೊಂದಕ್ಕೆ ಮಾಹಿತಿ ತರುವವರು. ಪೆರೋಲಿನಲ್ಲಿ ಬಂದವರು ಮನೆಯಲ್ಲಿದ್ದಾರೆಯೇ, ದುಡಿಯುತ್ತಿದ್ದಾರೆಯೇ, ಹೇಳಿದ ದಿನ ಮರಳಿದರೇ ಎಂದು ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಮನೆಗಳಲ್ಲಿ ವಿಚಾರಿಸುತ್ತಾರೆ. ಅದು ಜೈಲಿನ ಅಂಕಿಅಂಶದ ಜೊತೆ ಸೇರಿ, ಯಾವ ತಪ್ಪಿಗೆ ಎಷ್ಟು ಶಿಕ್ಷೆ, ಯಾರಿಗೆ ಪೆರೋಲ್ ಎಂಬ ನೀತಿ ರೂಪಿಸುವವರ ಮೇಜಿಗೆ ಹೋಗುತ್ತದೆ.

ಊರವರು ಇಟ್ಟ ಹೆಸರು 'ಜೈಲಕ್ಕ'. ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ಯಾರ ಮನೆಗೆ ಹೋದರೂ ಬೆಲ್ಲ ನೀರು ಸಿಗುತ್ತಿತ್ತು. ಈಗ ದಿನಕ್ಕೆ ಐದಾರು ಮನೆ ಹತ್ತಿಳಿದರೂ ಕೂತುಕೊಳ್ಳಿ ಎನ್ನುವವರು ಅಪರೂಪ. "ಅವರದ್ದು ತಪ್ಪಲ್ಲ. ನಾನು ಬಂದರೆ ನೆರೆಕರೆಗೆಲ್ಲ ಗೊತ್ತಾಗ್ತದಲ್ವಾ," ಎಂದು ತಾವೇ ಸಮಾಧಾನ ಹೇಳುತ್ತಾರೆ.

ಇಂದಿನ ಚಿಂತೆ ಬೇರೆ. ಮಧ್ಯಾಹ್ನದೊಳಗೆ ಮಾಹಿತಿ ಕಳಿಸಬೇಕು. ಕೊಟ್ಟ ವಿಳಾಸದಲ್ಲಿ ಇಲ್ಲವೆಂದರೆ ಸಂಸ್ಥೆಯ ಲೆಕ್ಕದಲ್ಲಿ ನಾಪತ್ತೆ. ಕೊಕ್ಕಡದ ಒಬ್ಬರನ್ನು ಹಿಂದೊಮ್ಮೆ ನೀಲಾವತಿ ಹಾಗೆಯೇ ಬರೆದಿದ್ದರು. ಅವರು ತಾಯಿಯ ಮನೆಯಲ್ಲಿದ್ದರೆಂದು ತಿಳಿಯುವಷ್ಟರಲ್ಲಿ ವರದಿ ಅಚ್ಚಾಗಿತ್ತು. "ಈ ಕಡೆಯವರನ್ನು ಬಿಟ್ಟರೆ ಓಡ್ತಾರೆ ಅಂತ ಅದು ಹೇಳ್ತದೆ. ಅದನ್ನು ನೋಡಿ ಇನ್ಯಾರದ್ದೋ ಪೆರೋಲ್ ತಪ್ಪಿದರೆ? ನೆನೆಸಿದರೆ ಅನ್ನ ಇಳಿಯುವುದಿಲ್ಲ ಮಾರಾಯ್ರೆ."

ಅದಕ್ಕೇ ಇಂದು ನೀಲಾವತಿ ಮನೆಯ ಮೆಟ್ಟಿಲಲ್ಲಿ ಕೂತವರು ಏಳುವುದಿಲ್ಲ. "ಶೇಷಪ್ಪನವರ ತಾಯಿಕಡೆಯ ಕುಟುಂಬದ ಮನೆ ಎಲ್ಲಿ ಉಂಟು?" ಎಂದು ಮೆಲ್ಲಗೆ ಕೇಳುತ್ತಾರೆ.

"ಅಳದಂಗಡಿಯಲ್ಲಿ. ಅವರ ಸೋದರಮಾವ ತೀರಿಹೋದದ್ದು. ಇವತ್ತು ಬೊಜ್ಜ," ಎಂದು ತೃಪ್ತಿ ಕಣ್ಣೊರೆಸಿಕೊಳ್ಳುತ್ತಾರೆ.

ತಾಯಿಯ ಕಡೆಯಿಂದಲೇ ಕುಟುಂಬ ಎಣಿಸುವ ಈ ಕಡೆ, ಸೋದರಮಾವನ ಉತ್ತರಕ್ರಿಯೆಗೆ ಅಳಿಯನೇ ಇಲ್ಲದಿದ್ದರೆ ಹೇಗೆ? ಅಳದಂಗಡಿಯೂ ಬೆಳ್ತಂಗಡಿ ತಾಲೂಕೇ; ತಾಲೂಕು ಬಿಡಬಾರದೆಂಬ ಷರತ್ತನ್ನೂ ಶೇಷಪ್ಪ ಮೀರಿಲ್ಲ. ಆದರೆ ಕೇಳಿದ್ದನ್ನು ಬರೆಯುವಂತಿಲ್ಲ, ಕಣ್ಣಾರೆ ನೋಡಬೇಕು. ಶೇಷಪ್ಪನವರ ಫೋನ್ ಸ್ವಿಚ್ ಆಫ್. ಬಸ್ಸಿನಲ್ಲಿ ನೀಲಾವತಿಗೆ ಒಂದೇ ಯೋಚನೆ: ಅಲ್ಲಿಯೂ ಇಲ್ಲದಿದ್ದರೆ?

ಅಳದಂಗಡಿಯ ಆ ಮನೆಯ ಹಿತ್ತಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಶೇಷಪ್ಪ, ನೀಲಾವತಿಯನ್ನು ಕಂಡದ್ದೇ ಎದ್ದು ನಿಲ್ಲುತ್ತಾರೆ. "ಈಗಲೇ ಜೈಲಿಗೆ ವಾಪಸು ಹೋಗ್ಬೇಕಾ ಅಕ್ಕ? ಒಮ್ಮೆ ಬಡಿಸಿ ಬರ್ತೇನೆ."

"ಕೂತ್ಕೊಳ್ಳಿ. ನೋಡಿಯಾಯ್ತು, ಅಷ್ಟೇ ನನ್ನ ಕೆಲಸ." ನೀಲಾವತಿ ಮೊಬೈಲಿನಲ್ಲಿ ಮಾಹಿತಿ ಕಳಿಸುತ್ತಾರೆ. ಯಾರೋ ಬೆಲ್ಲ ನೀರು ತಂದು ಮುಂದಿಡುತ್ತಾರೆ.

ಈ ಕೆಲಸದಲ್ಲಿ ನಿಮಗೇನಾದರೂ ಆಸೆ ಉಂಟೇ ಎಂದರೆ ನೀಲಾವತಿ ಮೊಬೈಲನ್ನೇ ತೋರಿಸುತ್ತಾರೆ. "ಫಾರ್ಮಿನಲ್ಲಿ ಮನೆ ಅಂತ ಒಂದೇ ಗೆರೆ ಉಂಟು. ಕುಟುಂಬದ ಮನೆಗೆ ಇನ್ನೊಂದು ಗೆರೆ ಕೊಟ್ಟರೆ ಸಾಕು. ಕೊಕ್ಕಡದವರು ಹೇಳಿದ ದಿನಕ್ಕೇ ಜೈಲಿಗೆ ವಾಪಸು ಹೋಗಿದ್ದಾರೆ. ನಮ್ಮ ವರದಿಯಲ್ಲಿ ಮಾತ್ರ ಇನ್ನೂ ಓಡ್ತಾ ಇದ್ದಾರೆ."