ತೋಟದ ಬಾವಿಯಲ್ಲಿ ಒಂದು ಮಧ್ಯಾಹ್ನ

ಇವತ್ತು ತಿಪಟೂರಿನಲ್ಲಿ ಮಗಳ ಜೊತೆ ಬಸ್ಸಿಗೆ ಕಾಯುವಾಗ ಮಳೆಯಲ್ಲಿ ನೆಂದ ತೆಂಗಿನಕಾಯಿ ಮಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ನಾನು ಅರಳಗುಪ್ಪೆಯ ನಮ್ಮ ತೋಟದ ಬಾವಿಯೊಳಗಿದ್ದೆ.

ಆಗ ಹೈಸ್ಕೂಲಿನಲ್ಲಿದ್ದ ನನಗೂ ಗೆಳತಿ ರತ್ನಳಿಗೂ ರಜೆಯೆಂದರೆ ಆ ಬಾವಿ. ಗಂಡಸರು ಸಂತೆಗೆ ಹೋದ ಮೇಲೆ, ತೇಲಲೆಂದು ಮಟ್ಟೆ ಸುಲಿಯದ ಒಣಗಾಯಿಗಳನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು ಕದ್ದು ಈಜುತ್ತಿದ್ದೆವು. ಒಂದು ದಿನ ನಡುನೀರಿನಲ್ಲಿ ರತ್ನಳ ಹಗ್ಗ ಬಿಚ್ಚಿಕೊಂಡಿತು. ಕಾಯಿಗಳು ತೇಲಿಹೋದವು, ಅವಳು ಮುಳುಗಿದಳು. ನಾನು ಅವಳ ಜಡೆ ಹಿಡಿದೆ. ನನ್ನ ಕಾಯಿಗಳು ಇಬ್ಬರ ಭಾರ ತಡೆಯಲಿಲ್ಲ. ಕಾಲು ಬಡಿಯುತ್ತಾ ಅಂಚಿಗೆ ಬಂದು, ಇನ್ನೊಂದು ಕೈಯಲ್ಲಿ ಪಾಚಿಗಟ್ಟಿದ ಗೋಡೆಗಲ್ಲು ಹಿಡಿದು ಕೂಗಿದೆ, ಕೂಗಿದೆ. ಪಂಪ್‌ಸೆಟ್ಟಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಬೆರಳು ಜಾರುತ್ತಿತ್ತು.

"ಬುಡ್ಬ್ಯಾಡ ಕಣೇ," ಎಂದಳು ರತ್ನ, ನೀರು ಕುಡಿಯುತ್ತಾ.

ತೋಟದಲ್ಲಿ ಸೋಗೆ ಆಯುತ್ತಿದ್ದ ನಮ್ಮಜ್ಜಿ ಹೇಗೋ ಬಂದು ಇಣುಕಿದಳು. ಉಟ್ಟ ಸೀರೆಯನ್ನೇ ಬಿಚ್ಚಿ, ಒಂದು ತುದಿಯನ್ನು ತೆಂಗಿನ ಮರಕ್ಕೆ ಸುತ್ತಿ, ಇನ್ನೊಂದನ್ನು ಕೆಳಗೆ ಎಸೆದಳು.

"ಇಡ್ಕಳ್ರೇ ಮುಂಡೇವಾ!"

ಸೀರೆ ಹಿಡಿದ ನಮ್ಮನ್ನು ಬಾವಿಯ ಮೆಟ್ಟಿಲಿನವರೆಗೆ ಎಳೆದು ತಂದಳು. ಇಬ್ಬರ ಬೆನ್ನಿಗೂ ಬಾರಿಸಿದಳು. ಆಮೇಲೆ ಬರೀ ಲಂಗದಲ್ಲೇ ಕೂತು, ಮಗುವಿನಂತೆ ಅತ್ತಳು.

ಇದನ್ನೆಲ್ಲ ಕೇಳಿ ಮಗಳು ಈಗ, "ಅಲ್ಲಿಗೆ ಈಜೋದು ಬಿಟ್ಬಿಟ್ರಾ ಅಮ್ಮ?" ಎಂದಳು.

ಬಿಡಲಿಲ್ಲ. ಮುಂದಿನ ವಾರ ಅಜ್ಜಿಯೇ ಕರೆದೊಯ್ದಳು. ನಮ್ಮಿಬ್ಬರಿಗೂ ಕಟ್ಟಿದ ಹಗ್ಗದ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಳು, ನಮಗೆ ಈಜು ಬರುವ ತನಕ.